ಕಿಟ್ ಬಿಟ್ಟು ಬ್ರೆಡ್‌ಬೋರ್ಡಿಗೆ ಇಳಿದ ಸೆಮಿಸ್ಟರ್

ಮೂರನೇ ಸೆಮಿಸ್ಟರಿನಲ್ಲಿ ನಮಗೆ ಪ್ರತಿ ಗುರುವಾರ ಮಧ್ಯಾಹ್ನ ಡಿಜಿಟಲ್ ಲ್ಯಾಬ್ ಇರುತ್ತಿತ್ತು. ಇಬ್ಬರಿಗೆ ಒಂದು ಟ್ರೈನರ್ ಕಿಟ್, ಅಂದರೆ ಪವರ್, ಸ್ವಿಚ್, ಎಲ್‌ಇಡಿ ಎಲ್ಲ ಮೊದಲೇ ಜೋಡಿಸಿಟ್ಟ ಅಭ್ಯಾಸದ ಪೆಟ್ಟಿಗೆ. ಸಾಕೆಟ್ಟಿಗೆ ಐಸಿ (ಚಿಪ್) ಕೂರಿಸಬೇಕು, ಪ್ಯಾಚ್ ಕಾರ್ಡ್ ಚುಚ್ಚಬೇಕು, ಸ್ವಿಚ್ ಮೇಲೆ ಕೆಳಗೆ ಮಾಡಿ ಎಲ್‌ಇಡಿ ನೋಡಬೇಕು. ಯಾವ ಇನ್‌ಪುಟ್ಟಿಗೆ ಯಾವ ಔಟ್‌ಪುಟ್ ಅಂತ ಹೇಳುವ ಟ್ರೂತ್ ಟೇಬಲ್ ಪ್ರಕಾರ ದೀಪ ಹತ್ತಿದರೆ ಅಬ್ಸರ್ವೇಶನ್ ಬುಕ್ಕಿಗೆ ಸಹಿ. ಫುಲ್ ಆಡರ್, 74153 ಮಲ್ಟಿಪ್ಲೆಕ್ಸರ್, 7476 ಫ್ಲಿಪ್ ಫ್ಲಾಪ್ ಎಲ್ಲವನ್ನೂ ಹೀಗೇ ಮುಗಿಸಿದೆವು. ಲ್ಯಾಬ್ ಕೆಲಸ ನನಗೆ ಬಂತು ಅಂತಲೇ ನಾನು ಅಂದುಕೊಂಡಿದ್ದೆ.

ಕೊನೆಯ ಒಂದು ತಿಂಗಳು ಮಾತ್ರ ಬೇರೆ ಥರ ಇತ್ತು. ಕಿಟ್ ಮುಟ್ಟದೆ, ಬರೀ ಬ್ರೆಡ್‌ಬೋರ್ಡಿನ (ಬೆಸುಗೆ ಇಲ್ಲದೆ ಐಸಿ, ತಂತಿ ಚುಚ್ಚುವ ತೂತುಗಳ ಹಲಗೆ) ಮೇಲೆ ಏನಾದರೂ ಮಾಡಿ ತೋರಿಸಬೇಕಿತ್ತು. ನಾನು ಮತ್ತು ನನ್ನ ಗೆಳತಿ ಸೆಕೆಂಡ್ ಎಣಿಸುವ ಕೌಂಟರ್ ಆರಿಸಿಕೊಂಡೆವು. 00ರಿಂದ 59ರವರೆಗೆ ಹೋಗಿ ಮತ್ತೆ 00. ಕಾಗದದ ಮೇಲೆ ಅರ್ಧ ಗಂಟೆಯ ಕೆಲಸ. ಬೋರ್ಡಿನ ಮೇಲೆ ಅದಕ್ಕೆ ಹಿಡಿದದ್ದು ಮೂರೂವರೆ ವಾರ.

ಒಂದು ಶನಿವಾರ ತುಮಕೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಬಂದು, ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಸಾಮಾನು ತಂದೆವು. ಎಣಿಸಲು ಎರಡು 7490, ಆ ಲೆಕ್ಕವನ್ನು ಡಿಸ್‌ಪ್ಲೇಗೆ ಕೊಡಲು ಎರಡು 7447, ನ್ಯಾಂಡ್ ಗೇಟುಗಳ ಒಂದು 7400, ಸೆಕೆಂಡಿಗೊಂದು ಪಲ್ಸ್ ಕೊಡಲು ಒಂದು 555, ಏಳು ಗೆರೆಗಳಲ್ಲಿ ಅಂಕಿ ತೋರಿಸುವ ಎರಡು ಕಾಮನ್ ಆನೋಡ್ ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ, ಒಂದು ಹಿಡಿ ರೆಸಿಸ್ಟರ್. ಪವರ್‌ಗೆ ಹಳೆ ಮೊಬೈಲ್ ಚಾರ್ಜರ್. ಅದರ ಕೇಬಲ್ ಕತ್ತರಿಸಿದರೆ ಒಳಗೆ ಕೆಂಪು, ಕಪ್ಪು ತಂತಿ ಸಿಗುತ್ತವೆ. ಮೀಟರ್ ಇಟ್ಟು 5 ವೋಲ್ಟ್ ಯಾವ ಕಡೆ ಅಂತ ನೋಡಿಕೊಂಡೇ ಬೋರ್ಡಿಗೆ ಕೊಟ್ಟೆವು.

ಮೊದಲು ಡಿಸ್‌ಪ್ಲೇ. 7447 ತನ್ನ ಔಟ್‌ಪುಟ್ಟನ್ನು ಸೊನ್ನೆಗೆ ಎಳೆದು ಸೆಗ್ಮೆಂಟ್ ಹತ್ತಿಸುತ್ತದೆ, ಅದಕ್ಕೇ ಎಲ್ಲ ಸೆಗ್ಮೆಂಟಿನ ಪ್ಲಸ್ ಒಂದೇ ಕಡೆ ಸೇರಿದ ಕಾಮನ್ ಆನೋಡ್ ಬೇಕು. ಏಳು ರೆಸಿಸ್ಟರ್ ಯಾಕೆ ಅಂತ ನಾವು ಆನೋಡಿಗೆ ಒಂದನ್ನೇ ಹಾಕಿದ್ದೆವು. 1 ಬಂದಾಗ ಪ್ರಖರ, 8 ಬಂದಾಗ ಮಂಕು. ಎರಡು ಸೆಗ್ಮೆಂಟಿಗೂ ಏಳು ಸೆಗ್ಮೆಂಟಿಗೂ ಅದೊಂದರಿಂದಲೇ ಕರೆಂಟ್ ಹಂಚಬೇಕಲ್ವಾ? ಬಿಚ್ಚಿ, ಸೆಗ್ಮೆಂಟಿಗೊಂದರಂತೆ 330 ಓಮ್ ಹಾಕಿದೆವು. ಇನ್ನೊಂದು ವಿಷಯ. 7447ರಲ್ಲಿ 6ಕ್ಕೆ ಮೇಲಿನ ಗೆರೆ ಬರುವುದಿಲ್ಲ, 9ಕ್ಕೆ ಕೆಳಗಿನ ಗೆರೆ ಬರುವುದಿಲ್ಲ. ಅದು ವೈರಿಂಗ್ ತಪ್ಪಲ್ಲ, ಐಸಿ ಇರುವುದೇ ಹಾಗೆ. ನಾವು ಒಂದು ಸಂಜೆ ಪೂರ್ತಿ ಇಲ್ಲದ ತಪ್ಪನ್ನು ಹುಡುಕಿದೆವು.

ಆಮೇಲೆ ಬಿಡಿ ಸ್ಥಾನದ 7490. ಪವರ್ ಕೊಟ್ಟ ತಕ್ಷಣ 9 ಬಂತು. ಕ್ಲಾಕ್, ಅಂದರೆ ಎಣಿಸಬೇಕಾದ ಪಲ್ಸ್, ಕೊಟ್ಟರೂ 9. ತೆಗೆದು ಹಾಕಿದರೂ 9.

"ಇದು ಒಂಬತ್ತಲ್ಲೇ ನಿಂತ್ಬಿಟ್ಟಿದೆ ಕಣೇ, ಐಸಿ ಹೋಗಿದೆ" ಅಂದಳು ಗೆಳತಿ.

ಐಸಿ ಬದಲಾಯಿಸಿದೆವು. ಅದೇ 9. ಲ್ಯಾಬಿನ ಡಬ್ಬಿಯಿಂದ ಮೂರನೆಯದು ತಂದು ಹಾಕಿದರೆ ಏನೂ ಬರಲಿಲ್ಲ, ಅದು ನಿಜವಾಗಿಯೂ ಸತ್ತಿತ್ತು. ಯಾರೋ ಕೆಟ್ಟ ಐಸಿಯನ್ನು ವಾಪಸ್ ಡಬ್ಬಿಗೇ ಹಾಕಿದ್ದರು. ಎಲ್ಲ ಲ್ಯಾಬಿನಲ್ಲೂ ನಡೆಯುವ ಕೆಲಸ ಇದು, ಆದರೆ ಮುಂದಿನ ಬ್ಯಾಚಿನವರ ಒಂದಿಡೀ ಮಧ್ಯಾಹ್ನ ಇದರಿಂದ ಹಾಳಾಗುತ್ತದೆ. ಅವತ್ತಿನಿಂದ ಸತ್ತ ಐಸಿ ಸಿಕ್ಕಿದರೆ ಅದರ ಬೆನ್ನಿಗೆ ನೇಲ್ ಪಾಲಿಶ್ ಹಚ್ಚಿ ಬೇರೆ ಇಡುತ್ತೇನೆ.

ಎರಡನೇ ದಿನ ಸಂಜೆ ಲ್ಯಾಬ್ ಇನ್‌ಸ್ಟ್ರಕ್ಟರ್ ಬಂದು ನಿಂತರು. ಬೋರ್ಡ್ ಮುಟ್ಟಲಿಲ್ಲ. "ಮೀಟರ್ ಇಟ್ಟು ನೋಡಿದ್ರೇನಮ್ಮಾ?" ಅಂತ ಮಾತ್ರ ಕೇಳಿದರು.

ಇಟ್ಟಿರಲಿಲ್ಲ. ಕಿಟ್ಟಿನ ಎಲ್‌ಇಡಿ ಹತ್ತಿದರೆ 1, ಹತ್ತದಿದ್ದರೆ 0, ಅಷ್ಟೇ ನಮಗೆ ಗೊತ್ತಿದ್ದದ್ದು. ಒಂದೊಂದೇ ಪಿನ್ ಅಳೆಯುತ್ತಾ ಹೋದೆ. ಪವರ್‌ನ 5ನೇ ಪಿನ್ 5 ವೋಲ್ಟ್, ಗ್ರೌಂಡಿನ 10ನೇ ಪಿನ್ ಸೊನ್ನೆ, ಸರಿ. ರೀಸೆಟ್ಟಿನ 2, 3 ಸೊನ್ನೆ, ಸರಿ. 6 ಮತ್ತು 7ರಲ್ಲಿ ಮಾತ್ರ ಸುಮಾರು ಒಂದೂವರೆ ವೋಲ್ಟ್. ನಾವು ಅಲ್ಲಿಗೆ ಏನೂ ಕೊಟ್ಟೇ ಇರಲಿಲ್ಲ! ಆ ಎರಡು ಪಿನ್ನು ಕೌಂಟರನ್ನು 9ಕ್ಕೆ ಸೆಟ್ ಮಾಡುವಂಥವು. ನಮಗೆ ಸೆಟ್ ಮಾಡುವುದು ಬೇಡ, ಹಾಗಾಗಿ ಸುಮ್ನೆ ಬಿಟ್ಟಿದ್ದೆವು. ಟಿಟಿಎಲ್ ಜಾತಿಯ ಈ ಐಸಿಗಳಲ್ಲಿ 0.8 ವೋಲ್ಟಿಗಿಂತ ಕಡಿಮೆ ಇದ್ದರೆ 0, 2 ವೋಲ್ಟಿಗಿಂತ ಜಾಸ್ತಿ ಇದ್ದರೆ 1 ಅಂತ ಓದಿದ್ದೆವು. ಆದರೆ ಏನೂ ಕೊಡದೆ ಬಿಟ್ಟ ಪಿನ್ನನ್ನು ಐಸಿ ಸಾಮಾನ್ಯವಾಗಿ 1 ಅಂತಲೇ ತಿಳಿಯುತ್ತದೆ. ಎರಡೂ 1 ಆದವು, ಕೌಂಟರ್ 9ಕ್ಕೆ ಸೆಟ್ ಆಗಿ ಅಲ್ಲೇ ಕೂತಿತು. ಎರಡನ್ನೂ ಸೇರಿಸಿ ಒಂದು ಹಸಿರು ತಂತಿಯಿಂದ ಗ್ರೌಂಡಿಗೆ ಕೊಟ್ಟೆ. ಒಂಬತ್ತು ಕದಲಿತು.

ಆ ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ಬಟನ್ ಒಂದು ಸಲ ಒತ್ತಿದರೆ ಲೆಕ್ಕ 2ರಿಂದ 5ಕ್ಕೆ ಹಾರುತ್ತಿತ್ತು, ಮತ್ತೊಮ್ಮೆ ಒತ್ತಿದರೆ 5ರಿಂದ 7ಕ್ಕೆ. ಕಿಟ್ಟಿನಲ್ಲಿ ಯಾವತ್ತೂ ಹೀಗಾಗಿರಲಿಲ್ಲ. ಬಟನ್ನಿನೊಳಗಿನ ಲೋಹದ ತುಂಡು ಒತ್ತಿದ ಕೂಡಲೇ ಗಟ್ಟಿಯಾಗಿ ಕೂರುವುದಿಲ್ಲ, ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ. ನಮಗೆ ಅದು ಒಂದೇ ಒತ್ತು, ಐಸಿಗೆ ಮೂರು ನಾಲ್ಕು. ಕಿಟ್ಟಿನ ಪಲ್ಸರ್ ಒಳಗೆ ಇದಕ್ಕೆ ಮೊದಲೇ ಸರ್ಕ್ಯೂಟ್ ಇಟ್ಟಿರುತ್ತಾರೆ. ಹಾಗಾಗಿ ಆ ತೊಂದರೆ ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ.

ಎರಡನೇ ವಾರದ ಪ್ರಯೋಗದಲ್ಲಿ 7400ರ ಎರಡು ನ್ಯಾಂಡ್ ಗೇಟ್ ಸೇರಿಸಿ, ಕೊನೆಯ ಸ್ಥಿತಿಯನ್ನು ಹಿಡಿದಿಡುವ ಲ್ಯಾಚ್ ಮಾಡಿದ್ದೆವು. ಆಗ ಅದು ಯಾಕೆ ಬೇಕು ಅಂತ ನಾನು ಕೇಳಿರಲೇ ಇಲ್ಲ. ಈಗ ಅದನ್ನೇ ಕಟ್ಟಿ, ಎರಡು ಕಡೆ ತಾಗುವ ಸ್ವಿಚ್ಚಿಗೆ ಜೋಡಿಸಿ, ಎರಡೂ ಇನ್‌ಪುಟ್ಟಿಗೆ 1 ಕಿಲೋ ಓಮ್ ಪುಲ್ ಅಪ್ (5 ವೋಲ್ಟಿನ ಕಡೆ ಎಳೆದಿಡುವ ರೆಸಿಸ್ಟರ್) ಕೊಟ್ಟೆವು. ಮೊದಲ ತಾಗುವಿಕೆಗೇ ಲ್ಯಾಚ್ ತಿರುಗಿಬಿಡುತ್ತದೆ, ಆಮೇಲಿನ ಕುಣಿತ ಅದಕ್ಕೆ ಲೆಕ್ಕಕ್ಕಿಲ್ಲ. ಒಂದು ಒತ್ತು, ಒಂದು ಅಂಕಿ. ಆ ಸೆಮಿಸ್ಟರಿನಲ್ಲಿ ನನಗೆ ತುಂಬ ಖುಷಿ ಕೊಟ್ಟ ಕ್ಷಣ ಅದು.

ಹತ್ತರ ಸ್ಥಾನ ಬೇಗ ಆಯಿತು. ಅದು 6 ಬಂದ ಕೂಡಲೇ ಸೊನ್ನೆಯಾಗಬೇಕು. 6 ಅಂದರೆ 0110, ಸೊನ್ನೆಯಿಂದ ಎಣಿಸುತ್ತಾ ಬಂದರೆ ನಡುವಿನ ಆ ಎರಡು ಬಿಟ್ ಒಟ್ಟಿಗೆ 1 ಆಗುವುದು ಅಲ್ಲೇ ಮೊದಲು. ಅದಕ್ಕೆ ಆ ಬಿಟ್‌ಗಳು ಹೊರಬರುವ 9 ಮತ್ತು 8ನೇ ಪಿನ್ನುಗಳನ್ನು ರೀಸೆಟ್ಟಿನ 2 ಮತ್ತು 3ಕ್ಕೆ ಕೊಟ್ಟರೆ ಸಾಕು. ಬಿಡಿ ಸ್ಥಾನದ 11ನೇ ಪಿನ್ನಿನಿಂದ ಹತ್ತರ ಸ್ಥಾನದ ಕ್ಲಾಕ್ ಪಿನ್ 14ಕ್ಕೆ ತಂತಿ. ಬಿಡಿ ಸ್ಥಾನ 9ರಿಂದ 0ಗೆ ಬೀಳುವಾಗ ಆ ಪಿನ್ ಕೂಡ 1ರಿಂದ 0ಗೆ ಬೀಳುತ್ತದೆ, 7490ಗೆ ಬೇಕಾಗಿರುವುದೂ ಬೀಳುವ ಅಂಚೇ.

ಬಟನ್ ತೆಗೆದು 555 ಸೇರಿಸಿದ ದಿನ ಮತ್ತೆ ಲೆಕ್ಕ ತಪ್ಪಿತು. ಈ ಸಲ ಒಂದು ನಿಯಮವೇ ಇಲ್ಲದಂತೆ ಆಗೊಮ್ಮೆ ಈಗೊಮ್ಮೆ ಹಾರುತ್ತಿತ್ತು. 555 ಮಗುಚುವಾಗ ಒಂದು ಕ್ಷಣ ಜಾಸ್ತಿ ಕರೆಂಟ್ ಎಳೆಯುತ್ತದೆ, ಆಗ ಅಕ್ಕಪಕ್ಕದ ಐಸಿಗಳ 5 ವೋಲ್ಟ್ ಅಲುಗಾಡುತ್ತದೆ. ಪ್ರತಿ ಐಸಿಯ ಪವರ್ ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ನಿಂತಿತು. ಬೋರ್ಡ್ ಶುರು ಮಾಡುವಾಗಲೇ ಇದನ್ನು ಹಾಕಿಬಿಡಿ. ಹಾಗೆಯೇ, ಉದ್ದದ ಬೋರ್ಡುಗಳಲ್ಲಿ ಪವರ್ ಸಾಲು ನಡುವೆ ತುಂಡಾಗಿರಬಹುದು. ಅದನ್ನೂ ಮೊದಲೇ ಮೀಟರಿನಲ್ಲಿ ನೋಡಿಕೊಳ್ಳಿ.

ಕೊನೆಗೆ ಉಳಿದದ್ದು ಸೆಕೆಂಡ್ ಸರಿ ಮಾಡುವುದು. 555ಗೆ 10 ಕಿಲೋ ಓಮ್, 68 ಕಿಲೋ ಓಮ್, 10 ಮೈಕ್ರೋಫ್ಯಾರಡ್ ಹಾಕಿದರೆ ಸೂತ್ರದ ಪ್ರಕಾರ ಹೆಚ್ಚು ಕಡಿಮೆ 1 ಹರ್ಟ್ಜ್, ಅಂದರೆ ಸೆಕೆಂಡಿಗೆ ಒಂದು ಪಲ್ಸ್. ಆದರೆ 60 ಎಣಿಸಲು ಫೋನಿನಲ್ಲಿ 66 ಸೆಕೆಂಡ್ ಆಯಿತು. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಮೇಲೆ ಬರೆದಿರುವ ಮೌಲ್ಯಕ್ಕೂ ನಿಜವಾದ ಮೌಲ್ಯಕ್ಕೂ ಶೇಕಡ 20ರಷ್ಟು ವ್ಯತ್ಯಾಸ ಇರಬಹುದು. 68ರ ಜಾಗದಲ್ಲಿ 47 ಕಿಲೋ ಓಮ್ ಹಾಕಿ, ಅದರ ಜೊತೆ ಸಾಲಾಗಿ ಒಂದು ಪ್ರೀಸೆಟ್ (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್) ಇಟ್ಟು, ಸ್ಕ್ರೂಡ್ರೈವರಿನಲ್ಲಿ ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆವು.

ಪರೀಕ್ಷೆಯ ದಿನ ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರು, ಎರಡು ನಿಮಿಷ ಅಂಕಿಗಳನ್ನೇ ನೋಡುತ್ತಾ ನಿಂತರು. ಆಮೇಲೆ ಬಿಡಿ ಸ್ಥಾನದ ಹಸಿರು ತಂತಿಗೆ ಕೈ ಹಾಕಿ, "ಇದನ್ನ ಕಿತ್ತರೆ ಏನಾಗುತ್ತೆ?" ಅಂತ ಕೇಳಿದರು.

"ಒಂಬತ್ತಲ್ಲಿ ನಿಲ್ಲುತ್ತೆ ಸರ್" ಅಂದೆವು, ಇಬ್ಬರೂ ಒಟ್ಟಿಗೆ.

ಕಿತ್ತರು. ಬಿಡಿ ಸ್ಥಾನದಲ್ಲಿ ಕೆಳಗಿನ ಗೆರೆ ಇಲ್ಲದ ಆ ಒಂಬತ್ತು ಬಂದು ನಿಂತಿತು.