ಮಂಡಿ ಮೊಹಲ್ಲಾದಲ್ಲಿ ಮೊದಲೇ ರೇಟು ಕೇಳಿ ಕೆಟ್ಟೆ

ಹುಟ್ಟಿದ್ದು, ಬೆಳೆದದ್ದು ಎಲ್ಲಾ ಮೈಸೂರಲ್ಲೇ. ಆದರೂ ಜಗನ್ಮೋಹನ ಅರಮನೆ ನೋಡಿದ್ದು ಎರಡೇ ಸಲ: ಸ್ಕೂಲಿನಿಂದ ಸಾಲಾಗಿ ಕರೆದುಕೊಂಡು ಹೋದಾಗ ಒಮ್ಮೆ, ಊರಿಂದ ಬಂದ ನೆಂಟರಿಗೆ ತೋರಿಸಬೇಕಾಗಿ ಬಂದಾಗ ಇನ್ನೊಮ್ಮೆ. ಹೋದ ವರ್ಷ ಒಂದು ಹಟ ಹಿಡಿದೆ. ತಿಂಗಳಿಗೆ ಎರಡು ದಿನ, ಮೊಬೈಲ್ ಜೇಬಲ್ಲೇ ಇಟ್ಟು, ನಮ್ಮೂರಲ್ಲಿ ಕಲೆ ಎಲ್ಲೆಲ್ಲಿ ನಡೀತಿದೆಯೋ ಅಲ್ಲಿಗೆ ನಡೆದೇ ಹೋಗೋದು.

ಜಗನ್ಮೋಹನದಿಂದಲೇ ಶುರು. ಕಟ್ಟಡ 1861ರದ್ದು, ಚಿತ್ರಶಾಲೆ ಆಗಿದ್ದು 1915ರಲ್ಲಿ. ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಯಾವಾಗಲೂ ಜನ. ಅದು ರವಿವರ್ಮನದ್ದು ಅಂತ ಪಕ್ಕದವರು ಹೇಳಿದರೆ ನಂಬಬೇಡಿ, ಕಲಾವಿದ ಎಸ್.ಎಲ್. ಹಳದಣ್ಕರ್ ಬರೆದ ಜಲವರ್ಣ ಚಿತ್ರ ಅದು. ರವಿವರ್ಮ 1906ರಲ್ಲೇ ತೀರಿಕೊಂಡಿದ್ದ, ಇದು ನಲವತ್ತರ ದಶಕದ್ದು.

ಆದರೆ ನನಗೆ ನಿಜವಾಗಿ ರುಚಿ ಹತ್ತಿದ್ದು ಮಂಡಿ ಮೊಹಲ್ಲಾದಲ್ಲಿ, ಬೀಟೆ ಮರದ ಹಲಗೆಯೊಳಗೆ ಚಿತ್ರ ಕೂರಿಸುವ ‘ಇನ್‌ಲೇ’ ಕೆಲಸ ಮಾಡುವ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ. ಮೊದಲ ಸಲ ಭಾನುವಾರ ಹೋದೆ, ಬಾಗಿಲು ಮುಚ್ಚಿತ್ತು. ಎರಡನೇ ಸಲ ಶುಕ್ರವಾರ ಮಧ್ಯಾಹ್ನ ಹೋದೆ, ಎಲ್ಲರೂ ನಮಾಜಿಗೆ ಹೋಗಿದ್ದರು! ಮೂರನೇ ಸಲ ಒಬ್ಬ ಚಾಚಾ ಸಿಕ್ಕರು. ನಾನು ದಡ್ಡನ ಹಾಗೆ ಮೊದಲೇ ಕೇಳಿದ್ದು, ‘ಇದಕ್ಕೆ ಎಷ್ಟು ಚಾಚಾ?’ ಅಂತ. ಅವರು ತಲೆ ಎತ್ತಲೇ ಇಲ್ಲ. ‘ರೇಟೆಲ್ಲ ಅಂಗಡೀಲಿ ಕೇಳಿ ಸಾರ್’ ಅಂದರು, ಅಷ್ಟೇ.

ಮುಂದಿನ ಸಲ ಸುಮ್ನೆ ಕೂತೆ. ಅರ್ಧ ಗಂಟೆ ಆದ ಮೇಲೆ, ಆನೆ ಮೇಲಿನ ಅಂಬಾರಿ ತೋರಿಸಿ ಈ ಹಳದಿಗೆ ಯಾವ ಬಣ್ಣ ಹಾಕ್ತೀರ ಅಂದೆ.

‘ಬಣ್ಣ ಅಲ್ಲ ಸಾರ್, ಹಲಸು!’ ಅಂತ ನಕ್ಕುಬಿಟ್ಟರು.

ಆಮೇಲೆ ಮಾತು ನಿಲ್ಲಲಿಲ್ಲ. ಹಲಗೆಯಲ್ಲಿ ಕಾಣುವ ಬಣ್ಣವೆಲ್ಲ ಮರದ್ದೇ, ಒಂದೊಂದು ಬಣ್ಣಕ್ಕೆ ಒಂದೊಂದು ಜಾತಿಯ ಮರ. ಕಾಗದದ ಮೇಲಿನ ಚಿತ್ರವನ್ನು ತುಂಡು ತುಂಡು ಮಾಡಿ, ತೆಳ್ಳಗಿನ ಮರದ ಮೇಲೆ ಅಂಟಿಸಿ, ದಾರದಂಥ ಗರಗಸದಲ್ಲಿ ಕೊಯ್ದು, ಬೀಟೆ ಹಲಗೆಯಲ್ಲಿ ಅದೇ ಆಕಾರಕ್ಕೆ ಗುಳಿ ತೋಡಿ ಕೂರಿಸುತ್ತಾರೆ. ಆಮೇಲೆ ಉಜ್ಜುವುದು, ಮತ್ತೆ ಉಜ್ಜುವುದು, ಕೊನೆಗೆ ಪಾಲಿಶ್. ಹಿಂದೆ ದಂತ ಕೂರಿಸುತ್ತಿದ್ದರಂತೆ, ಕಾನೂನು ಬಿಗಿಯಾದ ಮೇಲೆ ಅದು ನಿಂತಿತು. ಒಂದು ತುಂಡನ್ನು ಕೊಯ್ಯಲು ನನಗೂ ಕೊಟ್ಟರು. ಎರಡು ಬ್ಲೇಡು ಮುರಿದೆ. ಮೂರನೆಯದನ್ನು ಅವರೇ ವಾಪಸ್ ಇಸ್ಕೊಂಡರು.

ಸಂಜೆ ಆದರೆ ಕಲಾಮಂದಿರದ ಕಡೆ ಹೋಗುತ್ತೇನೆ. ಸುಚಿತ್ರಾ ಗ್ಯಾಲರಿಯಲ್ಲಿ ಯಾರದಾದರೂ ಪ್ರದರ್ಶನ ಇದ್ದರೆ ನೋಡಿ, ಅದೇ ಆವರಣದ ರಂಗಾಯಣದಲ್ಲಿ ನಾಟಕ ಇದ್ದರೆ ಉಳಿಯೋದು. 1989ರಲ್ಲಿ ನಾಟಕದ ಬಿ.ವಿ. ಕಾರಂತರು ಶುರು ಮಾಡಿದ ಜಾಗ ಅದು. ಪ್ರದರ್ಶನ ಉದ್ಘಾಟನೆಯ ದಿನ ಮಾತ್ರ ಹೋಗಬೇಡಿ, ಭಾಷಣವೇ ಜಾಸ್ತಿ. ಮಾರನೇ ದಿನ ಹೋದರೆ ಚಿತ್ರ ಬರೆದವರು ಒಬ್ಬರೇ ಕೂತಿರುತ್ತಾರೆ, ಮಾತಾಡಲು ಅವರಿಗೂ ಜನ ಬೇಕು, ಅಲ್ವಾ?

ಮೊನ್ನೆ ದೊಡ್ಡ ಅರಮನೆಗೆ ಹೋಗಿದ್ದೆ. ಅಲ್ಲಿನ ಅಂಬಾವಿಲಾಸ ಸಭಾಂಗಣದ ಬಾಗಿಲು ಬೀಟೆಯದು, ಅದರೊಳಗೆ ದಂತದ ಕೆಲಸ. ಇಷ್ಟು ವರ್ಷ ಅದನ್ನು ಬರೀ ಬಾಗಿಲು ಅಂತ ದಾಟಿದ್ದೆ. ಈ ಸಲ ಮರ ಎಲ್ಲಿ ಮುಗಿದು ದಂತ ಎಲ್ಲಿ ಶುರುವಾಗುತ್ತದೆ ಅಂತ ಹುಡುಕುತ್ತಾ ನಿಂತುಬಿಟ್ಟೆ, ಹಿಂದೆ ಸಾಲು ಬೆಳೆದು ಸೆಕ್ಯೂರಿಟಿಯವರು ‘ಮುಂದೆ ನಡೀರಿ ಸಾರ್’ ಅನ್ನುವವರೆಗೂ.