ಗ್ರಾಫೀನ್–ಜಿಂಕ್ ಆಕ್ಸೈಡ್ ಪುಡಿ: ತಯಾರಿ ಸುಲಭ, ಪರೀಕ್ಷೆ ಕಷ್ಟ

ಗ್ರಾಫೀನ್ (ಒಂದು ಪರಮಾಣು ದಪ್ಪದ ಇಂಗಾಲದ ಹಾಳೆ) ಮತ್ತು ಜಿಂಕ್ ಆಕ್ಸೈಡ್ ಸೇರಿದ ಈ ಪುಡಿ ಬ್ಯಾಕ್ಟೀರಿಯಾ ಮತ್ತು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆಯೇ ಎಂದು ನಾನು ಪರೀಕ್ಷಿಸುತ್ತೇನೆ. ಮೊದಲು ನೀರಿನ ಮಾತು. ವಿಜಯಪುರದ ಬೋರ್‌ವೆಲ್ ನೀರು ಗಡಸು, ಒಣಗಿದ ಬೀಕರಿನಲ್ಲಿ ಬಿಳಿ ಕಲೆ ಉಳಿಯುತ್ತದೆ. ಕೊನೆಯ ತೊಳೆತಕ್ಕೂ ಡಿಸ್ಟಿಲ್ಡ್ ವಾಟರೇ ಬೇಕು. ಇಲ್ಲದಿದ್ದರೆ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಬಿಟ್ಟು ಪುಡಿಯಲ್ಲಿ ಯಾವ ಹರಳಿದೆ ಎಂದು ಗುರುತಿಸುವ ಪರೀಕ್ಷೆ) 29.4 ಡಿಗ್ರಿ ಹತ್ತಿರ ಕ್ಯಾಲ್ಸಿಯಂ ಕಾರ್ಬೊನೇಟಿನ ಪೀಕ್ ಏಳುತ್ತದೆ. ನಮಗೆ ಬೇಕಾದವು ಜಿಂಕ್ ಆಕ್ಸೈಡಿನ ಪೀಕ್‌ಗಳು: 31.8, 34.4 ಮತ್ತು 36.3.

50 ಮಿಲಿಗ್ರಾಂ ಗ್ರಾಫೀನ್ ಆಕ್ಸೈಡನ್ನು 100 ಮಿಲಿ ನೀರಿಗೆ ಹಾಕಿ ಒಂದು ಗಂಟೆ ಸೋನಿಕೇಟ್ ಮಾಡುತ್ತೇನೆ, ಅಂದರೆ ಶಬ್ದತರಂಗದಿಂದ ಅಲುಗಿಸಿ ಬಿಡಿಸುತ್ತೇನೆ. ಬೀಕರ್ ಐಸಿನಲ್ಲಿರಬೇಕು, ನಮ್ಮ ಏಪ್ರಿಲ್ ಬಿಸಿಲಿಗೆ ಐಸನ್ನು ಮತ್ತೆ ಮತ್ತೆ ತುಂಬಬೇಕಾಗುತ್ತದೆ. ಆಮೇಲೆ 2.2 ಗ್ರಾಂ ಜಿಂಕ್ ಅಸಿಟೇಟ್ ಡೈಹೈಡ್ರೇಟ್ ಹಾಕಿ ಅರ್ಧ ಗಂಟೆ ತಿರುಗಿಸಿ, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಪಿಎಚ್ 10ಕ್ಕೆ ತರುತ್ತೇನೆ. ಅವಸರಪಟ್ಟು ಒಮ್ಮೆಲೇ ಸುರಿದರೆ ಕಣಗಳು ಗಂಟುಗಟ್ಟುತ್ತವೆ, ಕ್ಷಾರ ವಿಪರೀತವಾದರೆ ಕೂತ ಜಿಂಕ್ ಮತ್ತೆ ಕರಗುತ್ತದೆ. 80 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಪಿಎಚ್ 7 ಬರುವವರೆಗೆ ತೊಳೆದು, ಒಣಗಿಸಿದರೆ ಸುಮಾರು 0.8 ಗ್ರಾಂ ಬೂದುಬಣ್ಣದ ಪುಡಿ. ಬರೀ ಜಿಂಕ್ ಆಕ್ಸೈಡ್ ಆದರೆ 400 ಡಿಗ್ರಿಯಲ್ಲಿ ಸುಡಬಹುದು. ಇದನ್ನು ಗಾಳಿಯಲ್ಲಿ ಹಾಗೆ ಸುಟ್ಟರೆ ಗ್ರಾಫೀನ್ ಭಾಗವೇ ಹಾಳಾಗುತ್ತದೆ.

ಬ್ಯಾಕ್ಟೀರಿಯಾ ಪರೀಕ್ಷೆಗೆ ಎಲ್ಲರೂ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಜೆಲ್ಲಿಯ ಪ್ಲೇಟಿನಲ್ಲಿ 6 ಮಿಲಿಮೀಟರ್ ತೂತು ಕೊರೆದು, ಪುಡಿ ಹಾಕಿ, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಅಳೆಯುತ್ತಾರೆ. ನಾನು ಅದನ್ನು ನೆಚ್ಚುವುದಿಲ್ಲ. ಕಣಗಳು ಅಗಾರಿನಲ್ಲಿ ಹರಡುವುದೇ ಕಡಿಮೆ, ಕಾಣುವ ವಲಯ ಬಹುಪಾಲು ಕರಗಿದ ಜಿಂಕಿನದು. ಬ್ರಾತಿನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ) ಟರ್ಬಿಡಿಟಿ, ಅಂದರೆ ಮಸುಕು, ನೋಡಿದರೆ ಪುಡಿಯೇ ಮಸುಕು ತರುತ್ತದೆ. ಅದಕ್ಕೇ ಆ ಬ್ರಾತನ್ನು ತೆಳುಗೊಳಿಸಿ ಪ್ಲೇಟಿಗೆ ಹರಡಿ ಕಾಲೊನಿ ಎಣಿಸುವುದು. ಪಕ್ಕದಲ್ಲಿ ಅಷ್ಟೇ ಜಿಂಕ್ ಇರುವ ಲವಣದ ಕಂಟ್ರೋಲ್ (ಹೋಲಿಕೆಯ ಮಾದರಿ) ಇರಲೇಬೇಕು. ಪುಡಿಯ ಸ್ಟಾಕನ್ನು ನೀರಿನಲ್ಲಿಡಿ, ಬ್ರಾತಿನ ಉಪ್ಪಿಗೆ ಗ್ರಾಫೀನ್ ಆಕ್ಸೈಡ್ ಗಂಟಾಗುತ್ತದೆ.

ಕ್ಯಾನ್ಸರ್ ಕೋಶಗಳ ಎಂಟಿಟಿ ಪರೀಕ್ಷೆಯಲ್ಲಿ ತೊಂದರೆ ಇನ್ನೂ ಸೂಕ್ಷ್ಮ. ಎಂಟಿಟಿ ಹಳದಿ ಡೈ, ಬದುಕಿರುವ ಕೋಶಗಳು ಅದನ್ನು ನೇರಳೆ ಮಾಡುತ್ತವೆ. ಗ್ರಾಫೀನ್ ತಾನೇ ಎಂಟಿಟಿಯನ್ನು ನೇರಳೆ ಮಾಡಬಲ್ಲದು, ಸತ್ತ ಕೋಶ ಬದುಕಿದಂತೆ ಕಾಣುತ್ತದೆ. ಕೋಶವಿಲ್ಲದ ವೆಲ್‌ಗೆ (ಪ್ಲೇಟಿನ ಪುಟ್ಟ ಗುಳಿಗೆ) ಅದೇ ಡೋಸ್ ಪುಡಿ ಮತ್ತು ಎಂಟಿಟಿ ಹಾಕಿ ನೋಡಿ. 570 ನ್ಯಾನೊಮೀಟರಿನಲ್ಲಿ ಬಣ್ಣ ಬಂದರೆ, ಡೈ ಹಾಕುವ ಮುನ್ನ ಕೋಶಗಳನ್ನು ಎರಡು ಸಲ ತೊಳೆದು ಮತ್ತೆ ಮಾಡಿ. ಸತ್ತ ಕೋಶಗಳಿಗೆ ಮಾತ್ರ ನೀಲಿ ಬಣ್ಣ ಹಿಡಿಸುವ ಟ್ರೈಪಾನ್ ಬ್ಲೂ ಹಾಕಿ ಎಣಿಸಿ ತಾಳೆ ನೋಡಿ. ಆರೋಗ್ಯವಂತ ಕೋಶಗಳಿಗೂ ಅದೇ ದಿನ, ಅದೇ ಬ್ಯಾಚಿನಿಂದ ಡೋಸ್ ಕೊಡುತ್ತೇನೆ. ಎರಡೂ ಒಂದೇ ಪ್ರಮಾಣಕ್ಕೆ ಸತ್ತರೆ, ಆ ಬ್ಯಾಚಿನ ಮುಂದೆ ಕ್ಯಾನ್ಸರ್ ಎಂಬ ಪದ ಬರೆಯುವುದಿಲ್ಲ.