ಓಡುತ್ತಿದ್ದ ಅಕ್ಷರ ನಡೆಯೋಕೆ ಶುರು ಮಾಡಿದ್ದು

ನಾನು ಜಪಾನಿ ಭಾಷೆಯ ತಾಂತ್ರಿಕ ಕಡತಗಳನ್ನು ಅನುವಾದ ಮಾಡುವವನು. ಗಾಡಿ ಬಿಡಿಭಾಗಗಳ ಕೆಲಸವೇ ಜಾಸ್ತಿ. ಅದರಲ್ಲಿ ಒಂದು ಚೀನೀ ಅಕ್ಷರ (走) ಮತ್ತೆ ಮತ್ತೆ ಎದುರಾಗುತ್ತದೆ. ಜಪಾನಿಯಲ್ಲಿ ಅದು 'ಹಶಿರು', ಅಂದರೆ ಓಡು. ಇನ್ನೊಂದು ಅಕ್ಷರದ ಜೊತೆ ಸೇರಿದರೆ 'ಸೋ' ಎಂದು ಓದಬೇಕು. ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂದು ಹೇಳುವ 'ಸೋಕೋ ಕ್ಯೋರಿ'ಯಲ್ಲಿ ಮೊದಲು ಬರುವುದು ಅದೇ.

ಆಮೇಲೆ ಚೀನಾದಿಂದ ಬರುವ ಕಡತಗಳೂ ನನ್ನ ಕೈಗೆ ಬಂದವು. ಅಲ್ಲೂ ಅದೇ ಅಕ್ಷರ, ಆದರೆ ಓಟವೇ ಇಲ್ಲ. ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್‌ನಲ್ಲಿ ಅದರ ಉಚ್ಚಾರ 'ತ್ಸೋ', ಅರ್ಥ ನಡೆ. ಸರ್ಕ್ಯೂಟ್ ಬೋರ್ಡಿನಲ್ಲಿ ಗೆರೆಗಳು ಹೋಗುವ ದಾರಿಗೆ 'ತ್ಸೋ ಶಿಯೆನ್' ಅಂತಾರೆ. ಲೇತ್‌ನಲ್ಲಿ ಟೂಲ್ ಮುಂದೆ ಸಾಗುವುದು 'ತ್ಸೋ ದಾವ್'. ಡಿಕ್ಷನರಿ ನೋಡಿ ಕೆಲಸ ಮುಗಿಸಬಹುದಿತ್ತು. ಆದರೆ ಒಂದೇ ಅಕ್ಷರ ಒಂದು ಕಡೆ ಓಡಿ ಇನ್ನೊಂದು ಕಡೆ ನಡೆಯೋದು ಯಾಕೆ ಅನ್ನೋದು ತಲೆಯಿಂದ ಹೋಗಲಿಲ್ಲ.

ಹುಡುಕೋದು ಈಗ ಸುಲಭ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಚೀನಾ, ಜಪಾನ್, ಕೊರಿಯಾ, ವಿಯೆಟ್ನಾಂ ಎಲ್ಲಕ್ಕೂ ಸೇರಿ ಈ ಅಕ್ಷರಕ್ಕೆ ಒಂದೇ ಸಂಖ್ಯೆ, 8ಡಿ70. ಅದನ್ನು ಹಾಕಿದರೆ ಎಲ್ಲಾ ಕಡೆಯ ಉಚ್ಚಾರಗಳೂ ಒಟ್ಟಿಗೆ ಸಿಗುತ್ತವೆ. ಆದರೆ ನಾನು ಈಗಿನ ಅರ್ಥಗಳನ್ನು ಪಕ್ಕಕ್ಕಿಟ್ಟು ಮೊದಲು ಹಳೇ ರೂಪ ನೋಡಿದೆ.

ಈಗಿನ ರೂಪದಲ್ಲಿ ಏಳು ಗೆರೆ. ಮೇಲಿನ ಅರ್ಧ ಥೇಟ್ 'ಮಣ್ಣು' ಅನ್ನುವ ಅಕ್ಷರದ ಹಾಗೆ ಕಾಣುತ್ತದೆ. ಅದಕ್ಕೇ ಕಲಿಯುವವರಿಗೆ 'ಮಣ್ಣಿನ ಮೇಲೆ ಕಾಲಿಟ್ಟು ಓಡು' ಅಂತ ನೆನಪಿಟ್ಟುಕೊಳ್ಳಲು ಹೇಳುವುದುಂಟು. ಪರೀಕ್ಷೆಗೆ ಸಾಕು, ಆದರೆ ಹುಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಸುಮಾರು 3000 ವರ್ಷ ಹಿಂದಿನ ಕಂಚಿನ ಪಾತ್ರೆಗಳ ಮೇಲಿನ ಬರಹದಲ್ಲಿ ಅಲ್ಲಿರುವುದು ಒಬ್ಬ ಮನುಷ್ಯ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಬೀಸುತ್ತಿದ್ದಾನೆ. ಅವನ ಕೆಳಗೆ ಒಂದು ಹೆಜ್ಜೆಗುರುತು. ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ 'ದಾ ಯು ದಿಂಗ್' ಎಂಬ ದೊಡ್ಡ ಕಂಚಿನ ಪಾತ್ರೆಯ ಬರಹದಲ್ಲೂ ಈ ಅಕ್ಷರ ಇದೆ. ಅದರ ಪಕ್ಕದಲ್ಲೇ 'ಬೆನ್' ಎಂಬ ಇನ್ನೊಂದು ಅಕ್ಷರ. ಅಲ್ಲೂ ಕೈ ಬೀಸುವ ಮನುಷ್ಯನೇ, ಆದರೆ ಕೆಳಗೆ ಮೂರು ಹೆಜ್ಜೆಗುರುತು. ಇನ್ನೂ ಜೋರಾಗಿ ಓಡುತ್ತಿದ್ದಾನೆ ಅಂತ ಹೇಳೋಕೆ ಎಷ್ಟು ಸಲೀಸಾದ ಉಪಾಯ! ಕಾಲ ಹೋದಂತೆ ಬರೆಯುವವರ ಕೈಯಲ್ಲಿ ಆ ಮೂರು ಹೆಜ್ಜೆ ಹುಲ್ಲಿನ ಗುರುತಾಗಿಬಿಟ್ಟಿತು.

ಆ ಒಂಟಿ ಹೆಜ್ಜೆಯನ್ನೂ ಬಿಡಬೇಡಿ. ಅದು ತಾನೇ ಒಂದು ಅಕ್ಷರ, ಅರ್ಥ 'ನಿಲ್ಲು'. ಜಪಾನಿನ ರಸ್ತೆಗಳಲ್ಲಿ ಕೆಂಪು ತಲೆಕೆಳಗಾದ ತ್ರಿಕೋನದ ಮೇಲೆ 'ತೊಮಾರೆ' ಎಂದು ಬರೆದಿರುತ್ತಾರಲ್ಲ, ಅದರ ಮೊದಲ ಅಕ್ಷರ ಇದೇ. ಎರಡು ಹೆಜ್ಜೆ ಒಂದರ ಹಿಂದೆ ಒಂದು ಬಂದರೆ 'ನಡಿಗೆ'ಯ ಅಕ್ಷರ.

ಅಂದರೆ ಚಿತ್ರ ಓಟದ್ದೇ. ಹಳೇ ಬರಹಗಳೂ ಅದನ್ನೇ ಹೇಳುತ್ತವೆ. ಚೀನಾದ ಹಾನ್ ರಾಜವಂಶದ ಕಾಲದ ಲಿಯು ಶಿ ಎಂಬ ವಿದ್ವಾಂಸ ವೇಗವನ್ನು ಮೂರು ಮೆಟ್ಟಿಲಲ್ಲಿ ಇಟ್ಟಿದ್ದಾನೆ. ನಿಧಾನ ಹೋದರೆ 'ಬು', ಬೇಗ ಹೋದರೆ 'ಛು', ಅದಕ್ಕಿಂತ ಬೇಗ ಹೋದರೆ ನಮ್ಮ 'ತ್ಸೋ'. ಚೀನಾದ ಹಳೇ ತತ್ವಜ್ಞಾನಿ ಮೆನ್ಸಿಯಸ್ ರಾಜನಿಗೆ ಹೇಳಿದ ಯುದ್ಧದ ಮಾತು ಇನ್ನೂ ಚೆನ್ನಾಗಿದೆ. ಸೈನಿಕರು ಕವಚ ಬಿಸಾಡಿ, ಆಯುಧ ಎಳೆದುಕೊಂಡು 'ತ್ಸೋ' ಮಾಡುತ್ತಾರೆ. ಐವತ್ತು ಹೆಜ್ಜೆಗೆ ನಿಂತವನು ನೂರು ಹೆಜ್ಜೆಗೆ ನಿಂತವನನ್ನು ನೋಡಿ ನಗುತ್ತಾನೆ. ಇಲ್ಲಿ ಇವತ್ತಿನ ಮ್ಯಾಂಡರಿನ್ ಅರ್ಥ ಹಾಕಿದರೆ ಸೈನಿಕರು ವಾಕಿಂಗ್ ಹೊರಟಂತಾಗುತ್ತದೆ, ಅಲ್ವಾ?

ಹಾಗಾದರೆ ಚೀನಾದಲ್ಲಿ ಅಕ್ಷರದ ಅರ್ಥ ಬದಲಾದದ್ದು ಹೇಗೆ? ಅಕ್ಷರವೊಂದನ್ನೇ ಎಷ್ಟು ದಿಟ್ಟಿಸಿದರೂ ಇದು ಗೊತ್ತಾಗುವುದಿಲ್ಲ. ಅದರ ಅಕ್ಕಪಕ್ಕದ ಅಕ್ಷರಗಳನ್ನು ಕೇಳಬೇಕು. ಒಂದು ಹಾಳೆಯಲ್ಲಿ ಓಡು, ನಡೆ, ಹೋಗು ಎಂದು ಮೂರು ಸಾಲು ಮಾಡಿದೆ. ಯಾವ ಭಾಷೆಯಲ್ಲಿ ಯಾವ ಅಕ್ಷರ ಆ ಜಾಗದಲ್ಲಿ ಕೂತಿದೆ ಎಂದು ತುಂಬುತ್ತಾ ಹೋದೆ. ಚಿತ್ರ ಆಗ ಸ್ಪಷ್ಟವಾಯಿತು.

ಚೀನಾದಲ್ಲಿ 'ಪಾವ್' ಎಂಬ ಇನ್ನೊಂದು ಅಕ್ಷರ ಇದೆ. ಅದರ ಹಳೇ ಅರ್ಥ, ಪ್ರಾಣಿ ಕಾಲಿನಿಂದ ನೆಲ ಕೆರೆಯುವುದು. ಹಾಂಗ್‌ಝೌನಲ್ಲಿ ಹುಲಿ ನೆಲ ಕೆರೆದು ನೀರು ಬರಿಸಿತು ಎಂಬ ಕಥೆ ಇರುವ ಬುಗ್ಗೆಯ ಹೆಸರಿನಲ್ಲಿ ಆ ಅರ್ಥ ಇವತ್ತಿಗೂ ಉಳಿದಿದೆ. ಈ 'ಪಾವ್' ನಿಧಾನವಾಗಿ ಓಟದ ಜಾಗ ಹಿಡಿಯಿತು. 'ತ್ಸೋ' ನಡಿಗೆಗೆ ಸರಿಯಿತು. ಹೊರಡು, ತೆರಳು ಎಂಬ ಅರ್ಥಗಳೂ ಜೊತೆಗೇ ಉಳಿದವು. 'ತ್ಸೋ ಬಾ' ಅಂದರೆ ನಮ್ಮ 'ನಡಿ, ಹೋಗೋಣ'. ಯಾರೋ 'ತ್ಸೋ ಲ' ಅಂದರೆ ಎದ್ದು ಹೋದರು ಅಂತಲೂ ಆಗುತ್ತದೆ, ತೀರಿಕೊಂಡರು ಅಂತಲೂ ಆಗುತ್ತದೆ.

ಜಪಾನಿಗೆ ಈ ಅಕ್ಷರ ಹೋದದ್ದು ಹಳೇ ಗ್ರಂಥಗಳ ಮೂಲಕ. ಅಲ್ಲಿನ ಮನೆಮಾತಿನ 'ಹಶಿರು' ಅದಕ್ಕೆ ಅಂಟಿಕೊಂಡಿತು. ನಡೆಯುವುದಕ್ಕೂ ಹೋಗುವುದಕ್ಕೂ ಬೇರೆ ಅಕ್ಷರಗಳು ಆಗಲೇ ಇದ್ದವು. ಹಾಗಾಗಿ ಓಟ ಅಲ್ಲೇ ಭದ್ರವಾಯಿತು.

ಕೊರಿಯನ್ನಿನಲ್ಲಿ ಉಚ್ಚಾರ 'ಜು'. ಅದು ಒಂಟಿಯಾಗಿ ಬರುವುದಿಲ್ಲ, ಜೋಡಿಪದದ ಒಳಗೇ ಇರುತ್ತದೆ. 'ಗ್ಯೊಂಗ್‌ಜು' ಅಂದರೆ ಓಟದ ಪಂದ್ಯ, 'ದೋಜು' ಅಂದರೆ ಪರಾರಿ. ಕಷ್ಟ ಏನಂದರೆ ಈಗ ಅವರು ಹಾಂಗುಲ್ ಲಿಪಿಯಲ್ಲೇ ಬರೆಯುತ್ತಾರೆ. ಹಾಗಾಗಿ ಗ್ಯೊಂಗ್‌ಜು ಎಂಬ ಹಳೇ ರಾಜಧಾನಿ ಊರೂ ಪಂದ್ಯವೂ ಕಣ್ಣಿಗೆ ಒಂದೇ. ವಿಯೆಟ್ನಾಮಿಯಲ್ಲಿ ಅದು 'ತೌ'. 'ತೌ ಥ್ವಾತ್' ಅಂದರೆ ತಪ್ಪಿಸಿಕೊಂಡು ಓಡಿಹೋಗುವುದು. ದಿನನಿತ್ಯದ ಓಟಕ್ಕೆ ಅವರಿಗೆ 'ಚಾಯ್' ಇದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಾಂಗ್‌ಕಾಂಗ್. ಅಲ್ಲಿನ ಮಾತಾದ ಕ್ಯಾಂಟನೀಸ್‌ನಲ್ಲಿ ನಡೆಯೋಕೆ ಹಳೇ 'ಹಾಂಗ್' ಎಂಬ ಅಕ್ಷರವೇ ಗಟ್ಟಿಯಾಗಿ ಕೂತಿದೆ. ಹಾಗಾಗಿ ನಮ್ಮ ಅಕ್ಷರ, ಅವರ ಬಾಯಲ್ಲಿ 'ಜಾವ್', ನಡಿಗೆಗೆ ಇಳಿಯಲಿಲ್ಲ. ಓಡು, ಪರಾರಿಯಾಗು, ಹೊರಡು ಎಂಬಲ್ಲೇ ಉಳಿಯಿತು. ಅಲ್ಲಿನ ಚಹಾ ಹೋಟೆಲುಗಳಲ್ಲಿ ಐಸ್ ಬೇಡ ಅನ್ನೋಕೆ 'ಜಾವ್ ಬಿಂಗ್' ಅಂತಾರೆ, ಐಸ್ ಓಡಿಹೋಗಲಿ ಅಂತ. ಸಕ್ಕರೆ ಬೇಡವಾದರೆ 'ಜಾವ್ ತಿಮ್'. ನೂಡಲ್ಸ್ ಮೇಲೆ ಈರುಳ್ಳಿ ಸೊಪ್ಪು ಉದುರಿಸಬೇಡಿ ಅನ್ನೋಕೆ 'ಜಾವ್ ಚೆಂಗ್', ಹಸಿರು ಓಡಿಹೋಗಲಿ.